ಐದನೇ ಟೈರಿನ ಲೆಕ್ಕ

ಗಾಡಿ ಎತ್ತರಿಸಿ ದಪ್ಪ ಟೈರ್ ಹಾಕಿಸಲು ಹೊರಟವರು ಮೊದಲು ವಿಚಾರಿಸುವುದು ಮೈಲೇಜನ್ನು. ಮಂಗಳೂರಿನಲ್ಲಿ ಲೀಟರಿಗೆ ನೂರು ರೂಪಾಯಿ ತೆತ್ತು ಬಂದವರಿಗೆ ಆ ಚಿಂತೆ ಸಹಜ. ಆದರೆ ಒಮಾನಿನಲ್ಲಿ 2021ರಲ್ಲಿ ಸರ್ಕಾರ ದರಕ್ಕೆ ಮಿತಿ ಹಾಕಿದಾಗ 95 ಆಕ್ಟೇನ್ ಪೆಟ್ರೋಲು ನಿಂತದ್ದು ಲೀಟರಿಗೆ 239 ಬೈಸಾಕ್ಕೆ. ಆ ದರದಲ್ಲೇ ನೋಡೋಣ. ವರ್ಷಕ್ಕೆ 20,000 ಕಿ.ಮೀ. ಓಡುವ ಗಾಡಿ ನೂರು ಕಿಲೋಮೀಟರಿಗೆ 14 ಲೀಟರ್ ಕುಡಿಯುತ್ತಿದ್ದದ್ದು 16 ಕುಡಿಯತೊಡಗಿದರೆ ಹೆಚ್ಚಾಗುವುದು 400 ಲೀಟರ್, ಅಂದರೆ ಸುಮಾರು 96 ರಿಯಾಲ್. ತಿಂಗಳಿಗೆ ಎಂಟು. ಊರಿಗೆ ಕಳಿಸುವ ಹಣಕ್ಕೆ ಅದರಿಂದ ಪೆಟ್ಟು ಬೀಳುವುದಿಲ್ಲ.

ಪೆಟ್ಟು ಬೀಳುವುದು ಟೈರಿನಿಂದ. ನನ್ನ ಪ್ರಾಡೋದಲ್ಲಿ ಕಂಪನಿಯಿಂದ ಬಂದಿದ್ದ ಅಳತೆ 265/65 ಆರ್17. ಈಗಿರುವುದು 285/70 ಆರ್17, ಅಂಗಡಿಯವರ ಬಾಯಲ್ಲಿ ‘ಮೂವತ್ಮೂರು ಇಂಚು’. ಒಂದೊಂದಕ್ಕೆ ತೊಂಬತ್ತು ರಿಯಾಲಿನ ಆಸುಪಾಸು. ನಾಲ್ಕು ಕೊಂಡರೆ ಸಾಲದು, ಸ್ಟೆಪ್ನಿಯೂ ಅದೇ ಅಳತೆಯದಾಗಬೇಕು. ನಾಲ್ಕೂ ಚಕ್ರಕ್ಕೆ ಸದಾ ಶಕ್ತಿ ಹರಿಯುವ ಗಾಡಿಯಲ್ಲಿ ಒಂದು ಚಕ್ರ ಮಾತ್ರ ಚಿಕ್ಕದಿದ್ದರೆ ಡಿಫರೆನ್ಷಿಯಲ್ ಬಿಡುವಿಲ್ಲದೆ ತೇಯುತ್ತದೆ. ಹಾಗಾಗಿ ಐದು ಟೈರು, ಮೇಲೆ ಐದು ಶೇಕಡಾ ವ್ಯಾಟ್: 472 ರಿಯಾಲ್ ದಾಟಿತು. ರೂಪಾಯಿಯಲ್ಲಿ ಒಂದು ಲಕ್ಷದ ಹತ್ತಿರದ ಮಾತು. ಎರಡೂವರೆ ವರ್ಷ ಬಾಳುತ್ತವೆ ಎಂದುಕೊಂಡರೆ ತಿಂಗಳಿಗೆ 16 ರಿಯಾಲ್ ಬೇರೆ ತೆಗೆದಿಡಬೇಕು. ನಾನು ಸಂಬಳ ಬಂದ ದಿನವೇ ತೆಗೆದಿಡುತ್ತೇನೆ, ಮಕ್ಕಳ ಶಾಲಾ ಫೀಸಿನ ಪಕ್ಕದಲ್ಲೇ.

ಇದು ಕಲ್ಲು ಅಡ್ಡ ಬಾರದಿದ್ದರೆ. ಅಲ್ ಹಮ್ರಾ ಕಡೆಯಿಂದ ಬೆಟ್ಟ ಹತ್ತಿ ವಾದಿ ಬನಿ ಔಫ್‌ಗೆ ಇಳಿಯುವ ದಾರಿಯಲ್ಲಿ ಚೂಪುಗಲ್ಲು ಟೈರಿನ ಪಕ್ಕವನ್ನು ಸೀಳಿತೆಂದರೆ ಯಾವ ಪಂಕ್ಚರ್ ಅಂಗಡಿಯವನೂ ಅದಕ್ಕೆ ಪ್ಯಾಚ್ ಹಾಕಲಾರ. ಉಳಿದವು ಅರ್ಧ ಸವೆದಿದ್ದರೆ ಜೋಡಿ ಕೂಡಿಸಲು ಎರಡು ಹೊಸದು ಕೊಳ್ಳಬೇಕಾಗುತ್ತದೆ. ಕೊಳ್ಳುವಾಗ ಟೈರಿನ ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿ ಓದಿ. 2324 ಎಂದಿದ್ದರೆ 2024ರ 23ನೇ ವಾರ ತಯಾರಾದದ್ದು. ಈ ಬಿಸಿಲಿಗೆ ರಬ್ಬರು ಬೇಗ ಗಡಸಾಗುತ್ತದೆ, ಎರಡು ವರ್ಷ ಗೋದಾಮಿನಲ್ಲಿ ಕುಳಿತ ಟೈರಿಗೆ ಹೊಸದರ ಬೆಲೆ ಕೊಡಬೇಡಿ.

ಮೀಟರೂ ಬದಲಾಗುತ್ತದೆ. ಚಕ್ರದ ಸುತ್ತಳತೆ ಏಳು ಶೇಕಡಾ ಹೆಚ್ಚಿತು. ಮುಳ್ಳು 120 ತೋರಿಸುವಾಗ ಮೊದಲಿಗಿಂತ ಏಳು ಶೇಕಡಾ ಜೋರಾಗಿ, ಲೆಕ್ಕಕ್ಕೆ 128ರಲ್ಲಿ ಓಡುತ್ತಿರುತ್ತೀರಿ. ರಾಡಾರಿಗೆ ನಿಮ್ಮ ಟೈರಿನ ಅಳತೆ ಗೊತ್ತಿಲ್ಲ. ಹತ್ತು ಸಾವಿರಕ್ಕೆ ಆಯಿಲ್ ಬದಲಿಸುವವರು ನಿಜದಲ್ಲಿ 10,700 ಓಡಿಸಿರುತ್ತಾರೆ. ಮೈಲೇಜ್ ಕುಸಿಯಿತು ಎಂಬ ದೂರಿನಲ್ಲೂ ಒಂದು ಪಾಲು ಈ ತಪ್ಪು ಎಣಿಕೆಯದೇ.

ಬಂಟ್ವಾಳ ಕಡೆಯ ಹುಡುಗನೊಬ್ಬ ಮೊನ್ನೆ ಕೇಳಿದ: “ಅಣ್ಣ, ನಾನೂ ಎರಡಿಂಚು ಎತ್ತಿಸ್ಲಾ?”

“ಎಲ್ಲಿಗೆ ಹೋಗ್ಲಿಕ್ಕೆ ಮಾರಾಯ?”

“ವಹೀಬಾಕ್ಕೆ. ಮತ್ತೆ ಜಬಲ್ ಅಖ್ದರಿಗೆ.”

ಜಬಲ್ ಅಖ್ದರ್ ದಾರಿಯ ಪೊಲೀಸ್ ಚೌಕಿಯಲ್ಲಿ ಫೋರ್ ವೀಲ್ ಡ್ರೈವ್ ಇದೆಯೇ ಎಂದು ನೋಡುತ್ತಾರೆ, ಎತ್ತರ ಅಳೆಯುವುದಿಲ್ಲ. ಮೇಲಕ್ಕೆ ಟಾರು ರಸ್ತೆಯೇ ಇದೆ. ವಹೀಬಾ ಮರಳಿನಲ್ಲಿ ಗಾಡಿಯನ್ನು ತೇಲಿಸುವುದು ಟೈರಿನ ಗಾಳಿ: ರಸ್ತೆಯಲ್ಲಿ 35 ಇರುವುದನ್ನು 15ಕ್ಕೆ ಇಳಿಸಿದರೆ ಟೈರು ಉದ್ದಕ್ಕೆ ಹರಡಿ ಮರಳನ್ನು ಒತ್ತಿ ಹಿಡಿಯುತ್ತದೆ, ಅಗೆಯುವುದಿಲ್ಲ. ಕಂಪನಿ ಟೈರಿಗೂ ಇದು ಅಷ್ಟೇ ನಿಜ. ಅದಕ್ಕೆ ಬೇಕಾದದ್ದು ಪ್ರೆಷರ್ ಗೇಜ್, ಹೊರಬರುವಾಗ ಗಾಳಿ ತುಂಬಲು ಒಳ್ಳೆಯ ಕಂಪ್ರೆಸರ್, ಎಳೆಯುವ ಪಟ್ಟಿ, ಸಲಿಕೆ ಮತ್ತು ಜೊತೆಗೆ ಇನ್ನೊಂದು ಗಾಡಿ. ಎಲ್ಲ ಸೇರಿ ಒಂದು ಟೈರಿನ ದುಡ್ಡು ಆಗಬಹುದು.

ಹುಡುಗನಿಗೆ ಇನ್ನೊಂದು ಮಾತೂ ಹೇಳಿದೆ, ಅದು ಯಾವ ಅಂಗಡಿಯಲ್ಲೂ ಹೇಳುವುದಿಲ್ಲ. ಎರಡಿಂಚಿನ ಸ್ಪ್ರಿಂಗ್ ಎತ್ತುವುದು ಬಾಡಿಯನ್ನು. ಹಿಂದಿನ ಆಕ್ಸಲ್ ಇದ್ದಲ್ಲೇ ಇರುತ್ತದೆ. ಅದರ ನಡುವೆ ಕಲ್ಲಿಗೆ ತಾಗುವ ಡಿಫರೆನ್ಷಿಯಲ್ ಉಂಡೆಯನ್ನು ಎತ್ತುವುದು ಟೈರು ಮಾತ್ರ. ನನ್ನ ಅಳತೆಯಲ್ಲಿ ಅದು 27 ಮಿಲಿಮೀಟರ್. ಇಷ್ಟಕ್ಕೆ ಮುಂದಿನ ಆಕ್ಸಲ್ ಬೂಟು, ಬಾಲ್ ಜಾಯಿಂಟು, ವೀಲ್ ಬೇರಿಂಗು ಬೇಗ ಸವೆಯುತ್ತವೆ. ಭಾರದ ಚಕ್ರವನ್ನು ನಿಲ್ಲಿಸಲು ಬ್ರೇಕಿಗೂ ಕೆಲಸ ಹೆಚ್ಚು. ಪ್ರತಿ ಕಲ್ಲುದಾರಿಯ ನಂತರ ನಾನು ವಾದಿ ಕಬೀರಿನಲ್ಲಿ ಅಲೈನ್‌ಮೆಂಟ್ ನೋಡಿಸುತ್ತೇನೆ. ಬರ್ ಅಲ್ ಹಿಕ್ಮಾನ್‌ನ ಉಪ್ಪುನೆಲದಿಂದ ಬಂದ ದಿನ ಅಡಿಭಾಗ ತೊಳೆಸದೆ ಮನೆಗೆ ಬರುವುದಿಲ್ಲ. ತುಕ್ಕಿಗಿಂತ ನೀರು ಅಗ್ಗ.

ಹಾಗಾದರೆ ನಾನೇಕೆ ಎತ್ತಿಸಿದೆ? ಪ್ರತಿ ಚಳಿಗಾಲ ನಾವು ಹೋಗುವುದು ವಾದಿಗಳಿಗೆ, ಅಂದರೆ ಮಳೆ ಬಂದರೆ ಹರಿಯುವ ಕಣಿವೆಗಳಿಗೆ. 2021ರ ಅಕ್ಟೋಬರಿನಲ್ಲಿ ಶಾಹೀನ್ ಚಂಡಮಾರುತ ಬಾತಿನಾ ತೀರವನ್ನು ಮುಳುಗಿಸಿದ್ದನ್ನು ಕಂಡವರಿಗೆ ಗೊತ್ತು, ಒಂದು ಮಳೆ ಇಲ್ಲಿಯ ದಾರಿಯನ್ನು ಬಂಡೆಗಳ ರಾಶಿ ಮಾಡಬಲ್ಲದು. ಅಂಥ ಕಡೆ ಆ 27 ಮಿಲಿಮೀಟರಿಗೆ ಬೆಲೆಯಿದೆ, ನಾನು ಸಂತೋಷದಿಂದ ಕೊಟ್ಟಿದ್ದೇನೆ. ಆದರೆ ಗಾಡಿ ಎತ್ತರವಿದೆಯೆಂದು ಹರಿಯುವ ವಾದಿಗೆ ಇಳಿಸುವುದು ಜೀವಕ್ಕೆ ಅಪಾಯ, ಇಲ್ಲಿ ಶಿಕ್ಷಾರ್ಹ ಅಪರಾಧವೂ ಹೌದು.

ಕೆಲಸಕ್ಕೆ ಕೈಹಾಕುವ ಮುನ್ನ ಪೊಲೀಸರ ಅನುಮತಿ ಏನು ಬೇಕೆಂದು ಕೇಳಿ, ಇನ್ಶೂರೆನ್ಸಿನವರಿಗೆ ಬರೆದು ತಿಳಿಸಿ, ಉತ್ತರವನ್ನು ಮುಲ್ಕಿಯಾ (ಗಾಡಿಯ ನೋಂದಣಿ ಪತ್ರ) ಜೊತೆ ಇಟ್ಟುಕೊಳ್ಳಿ. ಕಳಚಿದ ಸ್ಪ್ರಿಂಗು, ಶಾಕು, ಹಳೆಯ ರಿಮ್ಮು ಯಾವುದನ್ನೂ ಗುಜರಿಗೆ ಕೊಡಬೇಡಿ. ಎಡಗಡೆ ಸ್ಟಿಯರಿಂಗಿನ ಈ ಗಾಡಿಯನ್ನು ನಾವು ಊರಿಗೆ ಒಯ್ಯಲಾರೆವು. ವೀಸಾ ಮುಗಿದರೆ ಕೆಲವೇ ವಾರಗಳಲ್ಲಿ ಮಾರಬೇಕು. ಎತ್ತರದ ಗಾಡಿಗೆ ಗಿರಾಕಿ ಕಡಿಮೆ, ಮೊದಲಿನಂತೆ ಕೂಡಿಸಿದ ಪ್ರಾಡೋಗೆ ಸಂಸಾರಸ್ಥರೂ ಬರುತ್ತಾರೆ. ಟೈರು ಮತ್ತು ಸ್ಪ್ರಿಂಗನ್ನು ಬೇರೆಯಾಗಿಯೇ ಮಾರಬಹುದು.