ನಾವು ತಿನ್ನುವ ಪ್ರಾಣಿಗೆ ನಮ್ಮ ಮೇಲಿರುವ ಹಕ್ಕು

ಮಾಂಸ ಬಿಡಿರಿ, ಸಸ್ಯಾಹಾರ ಸ್ವೀಕರಿಸಿರಿ ಎಂದು ಕರೆ ನೀಡುವ ಕರಪತ್ರಗಳು ನಿಮ್ಮ ಕೈಗೂ ಬಂದಿರಬಹುದು. ಕಾಲೇಜಿಗೆ ಹೋಗುವ ನಿಮ್ಮ ಮಗನೋ ಮಗಳೋ ಸಹಪಾಠಿಗಳಿಂದ ಈ ಮಾತು ಕೇಳಿ ಬಂದು, ನಾವು ತಿನ್ನುವ ಕೋಳಿ ಹೇಗೆ ಬದುಕಿತ್ತು ಎಂದು ಪ್ರಶ್ನಿಸಿರಬಹುದು. ಆಗ ನಮ್ಮಲ್ಲಿ ಹೆಚ್ಚಿನವರು ಕೊಡುವ ಉತ್ತರ ಒಂದೇ: ‘ಅಲ್ಲಾಹನು ಅದನ್ನು ಹಲಾಲ್ ಮಾಡಿದ್ದಾನೆ, ಮಾತು ಮುಗಿಯಿತು.’ ಉತ್ತರದ ಮೊದಲ ಭಾಗ ಸತ್ಯ. ಆದರೆ ಮಾತು ಅಲ್ಲಿಗೆ ಮುಗಿಯುತ್ತದೆಯೇ? ಬನ್ನಿ, ಸ್ವಲ್ಪ ಚಿಂತಿಸೋಣ.

ಹಲಾಲ್: ಅನುಗ್ರಹವೂ ಹೊಣೆಯೂ

ಜಾನುವಾರುಗಳ ಮಾಂಸ, ಹಾಲು, ಚರ್ಮ, ಉಣ್ಣೆ ಇವೆಲ್ಲವನ್ನೂ ಅಲ್ಲಾಹನು ಪವಿತ್ರ ಕುರ್‌ಆನಿನ ‘ಅನ್ನಹ್ಲ್’ ಅಧ್ಯಾಯದಲ್ಲಿ ತನ್ನ ಅನುಗ್ರಹಗಳಾಗಿ ಎಣಿಸಿ ಹೇಳಿದ್ದಾನೆ. ಅವನು ಧರ್ಮಸಮ್ಮತಗೊಳಿಸಿದ್ದನ್ನು ನಿಷಿದ್ಧವೆಂದು ಸಾರುವ ಅಧಿಕಾರ ಯಾರಿಗೂ ಇಲ್ಲ (ಅಲ್ ಮಾಇದಃ: 87). ಆದ್ದರಿಂದ ಮಾಂಸ ತಿನ್ನುವುದೇ ಪಾಪವೆಂಬ ವಾದವನ್ನು ಸತ್ಯವಿಶ್ವಾಸಿಯು ಒಪ್ಪಲಾರನು. ಹಾಗೆಯೇ, ಮಾಂಸ ತಿನ್ನುವುದು ಈಮಾನಿನ ಅಳತೆಗೋಲೂ ಅಲ್ಲ. ಹಲಾಲನ್ನು ಹಲಾಲೆಂದೇ ನಂಬಿ, ತಿನ್ನದೆ ಇರುವವನ ವಿಶ್ವಾಸಕ್ಕೆ ಯಾವ ಕೊರತೆಯೂ ಇಲ್ಲ.

ಆದರೆ ಅನುಮತಿ ನೀಡಿದ ಅಲ್ಲಾಹನೇ ಅದಕ್ಕೆ ಮೇರೆಗಳನ್ನೂ ಇಟ್ಟಿದ್ದಾನೆ. ಭೂಮಿಯಲ್ಲಿ ನಡೆದಾಡುವ ಪ್ರಾಣಿಗಳೂ ರೆಕ್ಕೆ ಬಡಿದು ಹಾರುವ ಪಕ್ಷಿಗಳೂ ನಮ್ಮಂತೆಯೇ ಸಮುದಾಯಗಳಾಗಿವೆ ಎಂದು ಕುರ್‌ಆನ್ ತಿಳಿಸುತ್ತದೆ (ಅಲ್ ಅನ್‌ಆಮ್: 38). ಅವು ಯಂತ್ರಗಳಲ್ಲ, ಅಲ್ಲಾಹನ ಸೃಷ್ಟಿಗಳು. ನಮ್ಮ ವಶಕ್ಕೆ ಬಂದಿರುವುದು ಅಮಾನತ್ತಾಗಿ.

ಒಂದು ಕರಪತ್ರ ಮಾಡಿದ ಕೆಲಸ

ಈ ಚಳವಳಿ ಎಲ್ಲಿಂದ ಬಂತೆಂಬುದನ್ನೂ ತಿಳಿಯುವುದು ಒಳ್ಳೆಯದು. 1960ರ ಸುಮಾರಿಗೆ ಇಂಗ್ಲೆಂಡಿನಲ್ಲಿ ರೂತ್ ಹ್ಯಾರಿಸನ್ ಎಂಬ ಮಹಿಳೆಯ ಮನೆ ಬಾಗಿಲಿಗೆ ಒಂದು ಕರಪತ್ರ ಬಂದು ಬಿತ್ತು. ಕೋಳಿ ಮತ್ತು ಕರುಗಳನ್ನು ಇಕ್ಕಟ್ಟಿನ ಗೂಡುಗಳಲ್ಲಿ ಕೂಡಿಹಾಕಿ ಸಾಕುವುದರ ಕುರಿತು ಅದರಲ್ಲಿ ಬರೆದಿತ್ತು. ಆಕೆ ಅದನ್ನು ಎಸೆಯಲಿಲ್ಲ; ಸತ್ಯವೇನೆಂದು ವಿಚಾರಿಸಿ 1964ರಲ್ಲಿ ‘ಎನಿಮಲ್ ಮೆಷಿನ್ಸ್’ ಎಂಬ ಗ್ರಂಥ ಬರೆದರು. ಜನರಲ್ಲಿ ಎದ್ದ ಕಳವಳವನ್ನು ಕಂಡು ಸರಕಾರ ಬ್ರ್ಯಾಂಬೆಲ್ ಸಮಿತಿಯನ್ನು ನೇಮಿಸಿತು. ಪ್ರಾಣಿಗೆ ಎದ್ದು ನಿಲ್ಲಲು, ಮಲಗಲು, ತಿರುಗಲು, ಮೈ ಸವರಿಕೊಳ್ಳಲು, ಕೈಕಾಲು ಚಾಚಲು ಅವಕಾಶವಿರಬೇಕೆಂದು ಆ ಸಮಿತಿ 1965ರಲ್ಲಿ ಹೇಳಿತು. ಇಷ್ಟನ್ನು ಹೇಳಲು ಒಂದು ಸಮಿತಿ ಬೇಕಾಯಿತೆಂದರೆ ಪರಿಸ್ಥಿತಿ ಹೇಗಿದ್ದಿರಬೇಕು!

1967ರಲ್ಲಿ ಪೀಟರ್ ರಾಬರ್ಟ್ಸ್ ಎಂಬ ಹೈನುಗಾರ ರೈತರು ‘ಕಂಪ್ಯಾಶನ್ ಇನ್ ವರ್ಲ್ಡ್ ಫಾರ್ಮಿಂಗ್’ ಎಂಬ ಸಂಘ ಕಟ್ಟಿದರು. ಸಾಮಾನ್ಯ ಜನರು ಸಹಿ ಸಂಗ್ರಹಿಸಿದರು, ಪತ್ರ ಬರೆದರು, ಅಂಗಡಿಗಳ ಮುಂದೆ ನಿಂತು ಜನರೊಡನೆ ಮಾತಾಡಿದರು. ಕರುಗಳನ್ನು ತಿರುಗಲೂ ಆಗದ ಪೆಟ್ಟಿಗೆಗಳಲ್ಲಿಡುವುದು ಬ್ರಿಟನ್ನಿನಲ್ಲಿ 1990ರಲ್ಲಿ ನಿಷೇಧವಾಯಿತು. ಮೊಟ್ಟೆ ಕೋಳಿಗಳ ಬರಿಯ ತಂತಿ ಗೂಡುಗಳನ್ನು ಯುರೋಪಿಯನ್ ಒಕ್ಕೂಟವು 2012ರ ಜನವರಿಯಿಂದ ನಿಷೇಧಿಸಿತು.

ಈ ಕಾರ್ಯದಲ್ಲಿ ಓರ್ವ ಮುಸ್ಲಿಮರ ದನಿಯೂ ಇತ್ತು. 1960ರ ದಶಕದಲ್ಲಿ ಇಂಗ್ಲೆಂಡಿನ ವೋಕಿಂಗ್ ಮಸೀದಿಯ ಇಮಾಮರಾಗಿದ್ದ ಹಾಫಿಝ್ ಬಶೀರ್ ಅಹ್ಮದ್ ಮಸ್ರಿ (1914-1992) ಅವರು 1989ರಲ್ಲಿ ‘ಎನಿಮಲ್ಸ್ ಇನ್ ಇಸ್ಲಾಮ್’ ಎಂಬ ಗ್ರಂಥ ಪ್ರಕಟಿಸಿದರು. ಪ್ರಾಣಿಯನ್ನು ಜೀವನವಿಡೀ ಹಿಂಸಿಸಿ, ಕೊನೆಯ ಗಳಿಗೆಯಲ್ಲಿ ಮಾತ್ರ ವಿಧಿ ಪಾಲಿಸಿದರೆ ಸಾಕೇ ಎಂಬುದು ಅವರ ಪ್ರಶ್ನೆಯಾಗಿತ್ತು. ಅವರ ಎಲ್ಲ ತೀರ್ಮಾನಗಳನ್ನು ನಾವು ಒಪ್ಪಬೇಕೆಂದಿಲ್ಲ. ಹಲಾಲ್ ಹರಾಮ್‌ಗಳ ತೀರ್ಪು ವಿದ್ವಾಂಸರಿಗೆ ಬಿಟ್ಟದ್ದು. ಆದರೆ ಅವರ ಪ್ರಶ್ನೆ ಮಾತ್ರ ನಮ್ಮ ಮನೆಯದ್ದೇ.

ಕತ್ತಿಗೆ ಮುಂಚಿನ ಕರುಣೆ

ಏಕೆಂದರೆ ಪ್ರವಾದಿವರ್ಯರ(ಸ) ಶಿಕ್ಷಣವು ಝಬಹ್‌ನ ಕ್ಷಣಕ್ಕೆ ಸೀಮಿತವಲ್ಲ. ಪ್ರತಿಯೊಂದರಲ್ಲೂ ಇಹ್ಸಾನನ್ನು, ಅಂದರೆ ಅತ್ಯುತ್ತಮ ವರ್ತನೆಯನ್ನು, ಅಲ್ಲಾಹನು ಕಡ್ಡಾಯಗೊಳಿಸಿದ್ದಾನೆಂದು ಹೇಳಿದ ಬಳಿಕವೇ ಅವರು ಕತ್ತಿಯನ್ನು ಹರಿತಗೊಳಿಸಿ ಪ್ರಾಣಿಗೆ ನೆಮ್ಮದಿ ನೀಡಬೇಕೆಂದು ಕಲಿಸಿದರು (ಮುಸ್ಲಿಮ್). ಆಡಿನ ಕಣ್ಣೆದುರೇ ಕತ್ತಿ ಮಸೆಯುತ್ತಿದ್ದವನನ್ನು, ಅದನ್ನು ಎರಡು ಬಾರಿ ಸಾಯಿಸಬೇಕೆಂದಿರುವೆಯಾ ಎಂದು ಗದರಿದರು (ಹಾಕಿಮ್). ಬೆಕ್ಕನ್ನು ಕೂಡಿಹಾಕಿ ಅನ್ನ ನೀರು ಕೊಡದೆ ಕೊಂದ ಹೆಂಗಸು ನರಕದ ಪಾಲಾದಳೆಂಬ ಹದೀಸನ್ನು ನಾವು ಮಕ್ಕಳಿಗೆ ಹೇಳುತ್ತೇವೆ (ಬುಖಾರಿ, ಮುಸ್ಲಿಮ್). ಆಕೆ ಕತ್ತಿ ಎತ್ತಿರಲಿಲ್ಲ. ಕೂಡಿಹಾಕಿದ್ದೇ ಆಕೆಯ ಅಪರಾಧ. ಅನ್ಸಾರಿಯೊಬ್ಬರ ಒಂಟೆ ಪ್ರವಾದಿಯವರನ್ನು(ಸ) ಕಂಡು ಕಣ್ಣೀರಿಟ್ಟಾಗ ಅದರ ತಲೆ ಸವರಿ, ಇದರ ವಿಷಯದಲ್ಲಿ ಅಲ್ಲಾಹನನ್ನು ಭಯಪಡಲಾರೆಯಾ ಎಂದು ಯಜಮಾನನನ್ನು ಕೇಳಿದರು (ಅಬೂದಾವೂದ್). ಹೊಲಸು ತಿಂದು ಬೆಳೆದ ಪ್ರಾಣಿಯ ಮಾಂಸ ಮತ್ತು ಹಾಲನ್ನು ಅವರು ತಡೆದಿದ್ದಾರೆ (ತಿರ್ಮಿದಿ). ಅಂದರೆ ಪ್ರಾಣಿ ಏನು ತಿಂದಿತು, ಹೇಗೆ ಬೆಳೆಯಿತು ಎಂದು ವಿಚಾರಿಸುವುದು ಹೊಸ ಫ್ಯಾಶನ್ ಅಲ್ಲ, ಅದು ನಮ್ಮ ಫಿಕ್‌ಹ್‌ನ ಹಳೆಯ ಪಾಠ.

ಈಗ ನಮ್ಮ ಕಾಲದ ಕೋಳಿ ಸಾಕಣೆಯನ್ನು ನೋಡಿರಿ. ತಂತಿ ಗೂಡಿನಲ್ಲಿ ಒಂದು ಮೊಟ್ಟೆ ಕೋಳಿಗೆ ಸಿಗುವ ಜಾಗ ಸಾಮಾನ್ಯವಾಗಿ ನಾವು ಬರೆಯುವ ಒಂದು ಹಾಳೆಗಿಂತಲೂ ಕಡಿಮೆ. ಬಾಯ್ಲರ್ ಕೋಳಿ ಸುಮಾರು ಆರು ವಾರಗಳಲ್ಲಿ ಎರಡು ಕಿಲೋ ತೂಗುತ್ತದೆ. ಎಷ್ಟೋ ಕೋಳಿಗಳ ಕಾಲುಗಳು ಆ ಭಾರ ಹೊರಲಾರವು. ಮೊಟ್ಟೆ ಉದ್ಯಮಕ್ಕೆ ಬೇಡವಾದ ಹುಂಜದ ಮರಿಗಳನ್ನು ಹುಟ್ಟಿದ ದಿನವೇ ಕೊಲ್ಲಲಾಗುತ್ತದೆ. ಅಲುಗಾಡಲು ಸಾಕಷ್ಟು ಜಾಗವಿಲ್ಲದ ಗೂಡಿನಲ್ಲಿ ಪ್ರಾಣಿಯನ್ನಿಡುವುದು ನಮ್ಮ ದೇಶದ 1960ರ ಕಾಯಿದೆಯಂತೆಯೂ ಅಪರಾಧ. 2017ರಲ್ಲಿ ಭಾರತದ ಕಾನೂನು ಆಯೋಗ ತನ್ನ 269ನೇ ವರದಿಯನ್ನು ಕೋಳಿಗಳ ಸಾಕಣೆ ಮತ್ತು ಸಾಗಾಟದ ವಿಷಯಕ್ಕೇ ಮೀಸಲಿಟ್ಟಿತು.

ಹೇಳುವವನ ಮೇಲಿನ ಕೋಪ

ನಮ್ಮ ನಾಡಿನಲ್ಲಿ ಈ ಮಾತು ಬಂದೊಡನೆ ನಮ್ಮ ಮನಸ್ಸು ಮುದುಡಿಕೊಳ್ಳುತ್ತದೆ. ಅದಕ್ಕೆ ಕಾರಣವೂ ಇದೆ. ಪ್ರಾಣಿದಯೆಯ ಹೆಸರೆತ್ತಿ ನಮ್ಮನ್ನು ಕ್ರೂರಿಗಳೆಂದು ಹಳಿಯುವವರಿದ್ದಾರೆ. ಪ್ರಾಣಿಗಿಂತ ಹೆಚ್ಚಾಗಿ ಮನುಷ್ಯನನ್ನು ದ್ವೇಷಿಸುವವರೂ ಇದ್ದಾರೆ. ಆದರೆ ಇನ್ನೊಬ್ಬರ ದ್ವೇಷದಿಂದ ಕೋಳಿಯ ನೋವು ಸುಳ್ಳಾಗುವುದಿಲ್ಲ. ಒಂದು ಜನಾಂಗದ ಮೇಲಿನ ಕೋಪವು ನಿಮ್ಮನ್ನು ನ್ಯಾಯದಿಂದ ಸರಿಸದಿರಲಿ ಎಂಬುದು ಕುರ್‌ಆನಿನ ಆಜ್ಞೆ (ಅಲ್ ಮಾಇದಃ: 8). ನಿಂದಕನಿಗೆ ಸಿಟ್ಟಿನಿಂದ ಉತ್ತರಿಸುತ್ತಾ, ಆ ಮೂಕಪ್ರಾಣಿಯ ಹಕ್ಕನ್ನು ಮರೆತರೆ ನಾಳೆ ಅಲ್ಲಾಹನ ಮುಂದೆ ಯಾವ ನೆಪ ಹೇಳೋಣ? ಕರಪತ್ರ ಹಂಚುವ ಎಲ್ಲರೂ ದ್ವೇಷಿಗಳಲ್ಲ ಎಂಬುದನ್ನೂ ನೆನಪಿಡೋಣ. ಬಿಸಿಲಲ್ಲಿ ನಿಂತು ಪ್ರಾಣಿಗಾಗಿ ಮಾತಾಡುವ ಯುವಕನೊಡನೆ ನಾಲ್ಕು ಒಳ್ಳೆಯ ಮಾತಾಡಿರಿ. ಪ್ರವಾದಿಯವರ(ಸ) ಒಂಟೆಯ ಘಟನೆಯನ್ನು ಅವನಿಗೂ ತಿಳಿಸಿರಿ.

ಮನೆಯಲ್ಲಿ ನಾವೇನು ಮಾಡಬಹುದು?

ಒಂದು: ಕೋಳಿ ಅಂಗಡಿಯಲ್ಲಿ ಸುಮ್ಮನಿರಬೇಡಿ. ಕೋಳಿಗಳನ್ನು ಗೂಡಿನಲ್ಲಿ ಒತ್ತಿ ತುಂಬಿಸಿದ್ದರೆ, ನೀರಿಡದಿದ್ದರೆ, ಉಳಿದವುಗಳ ಕಣ್ಣೆದುರೇ ಕೊಯ್ಯುತ್ತಿದ್ದರೆ ಮಾಲಿಕರಿಗೆ ಮೆತ್ತಗೆ ಹೇಳಿರಿ. ಹತ್ತು ಗಿರಾಕಿಗಳು ಹೇಳಿದರೆ ಅಂಗಡಿ ಬದಲಾಗುತ್ತದೆ. ಸಾಧ್ಯವಿದ್ದವರು ಹಿತ್ತಿಲಲ್ಲಿ ಬಿಟ್ಟು ಸಾಕಿದ ಕೋಳಿಯನ್ನೇ ಕೊಳ್ಳಲಿ.

ಎರಡು: ಮಾಂಸವನ್ನು ಮಿತಗೊಳಿಸಿರಿ. ಮಾಂಸಕ್ಕೆ ಮದ್ಯದಂತೆ ಚಟ ಹಿಡಿಸುವ ಗುಣವಿದೆಯೆಂದು ಹ. ಉಮರ್(ರ) ಎಚ್ಚರಿಸಿದ್ದು ‘ಮುವತ್ತಾ’ದಲ್ಲಿದೆ. ಪ್ರವಾದಿಯವರ(ಸ) ಮನೆಯಲ್ಲಿ ತಿಂಗಳುಗಟ್ಟಲೆ ಒಲೆ ಉರಿಯದೆ ಖರ್ಜೂರ ಮತ್ತು ನೀರಿನಲ್ಲೇ ದಿನ ಕಳೆದದ್ದಿದೆ. ತಟ್ಟೆಯಲ್ಲಿ ಸೋರೆಕಾಯಿಯ ಹೋಳುಗಳನ್ನು ಅವರು ಹುಡುಕಿ ತಿನ್ನುತ್ತಿದ್ದುದನ್ನು ಕಂಡ ಹ. ಅನಸ್(ರ) ಅಂದಿನಿಂದ ತಾವೂ ಸೋರೆಕಾಯಿಯನ್ನು ಮೆಚ್ಚಿದರು (ಬುಖಾರಿ). ವಾರದಲ್ಲಿ ನಾಲ್ಕೈದು ದಿನ ಬೇಳೆ, ಸೊಪ್ಪು, ತರಕಾರಿಯಲ್ಲಿ ಊಟ ಮುಗಿಸಿದರೆ ನಮ್ಮ ಮರ್ಯಾದೆಗೇನೂ ಕುಂದಿಲ್ಲ. ಮದುವೆ ಮನೆಯಲ್ಲಿ ಬಿರಿಯಾನಿಯನ್ನು ಹಂಡೆಗಟ್ಟಲೆ ಚೆಲ್ಲುವುದಂತೂ ಒಂದು ಜೀವವನ್ನು ವ್ಯರ್ಥ ಮಾಡಿದಂತೆ.

ಮೂರು: ಬಕ್ರೀದ್ ಸಮಯದಲ್ಲಿ ಆಡುಗಳನ್ನು ವಾಹನದಲ್ಲಿ ಒತ್ತೊತ್ತಾಗಿ ತುಂಬಿ ತರಬೇಡಿ. ಮೇವು ನೀರು ಕೊಡಿರಿ, ಕಿವಿ ಹಿಡಿದು ಎಳೆಯಬೇಡಿ, ಕತ್ತಿಯನ್ನು ಮರೆಮಾಡಿರಿ. ಮಕ್ಕಳು ಇದನ್ನು ನೋಡಿ ಕಲಿಯಲಿ.

ಬಿಸ್ಮಿ ಹೇಳಿ ಕತ್ತಿ ಎತ್ತುವವನು ಆ ಪ್ರಾಣಿಯ ಒಡೆಯನ ಹೆಸರಿನಲ್ಲಿ ಎತ್ತುತ್ತಾನೆ. ಆ ಒಡೆಯನು ರಹ್ಮಾನನೂ ರಹೀಮನೂ ಆಗಿದ್ದಾನೆ. ಅವನ ಹೆಸರಿಗೆ ಒಪ್ಪುವಂತೆ ಆ ಪ್ರಾಣಿ ಬದುಕಿತ್ತೇ ಎಂದು ನಾವು ಪ್ರತಿಯೊಬ್ಬರೂ ನಮ್ಮನ್ನು ಕೇಳಿಕೊಳ್ಳೋಣ.

ಮೂಕಜೀವಿಗಳ ಹಕ್ಕನ್ನು ಅರಿತು ನಡೆಯುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.