ಪಾನಾ ಆರಿತು, ಆಯಿಲ್ ಹಾಗೇ ಇತ್ತು

ನೂರು ರೂಪಾಯಿ ಕೊಟ್ಟು ದೀಪ ಆರಿಸಿಕೊಂಡು ಬಂದ ದಿನ ಮನೆಯಲ್ಲಿ ನಾನು ಸಾಕಷ್ಟು ಜಂಬ ಕೊಚ್ಚಿಕೊಂಡಿದ್ದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಪುಟ್ಟ ಪೆಟ್ರೋಲ್ ಕಾರು. ಕೊಂಡು ಐದು ತಿಂಗಳಾಗಿತ್ತೇನೋ, ಒಂದು ಬೆಳಿಗ್ಗೆ ಕೀ ತಿರುಗಿಸಿದರೆ ಸ್ಪೀಡೋಮೀಟರ್ ಪಕ್ಕದಲ್ಲಿ ಹಳದಿ ಪಾನಾ ಹೊತ್ತಿಕೊಂಡಿತು. ಕೀ ಆನ್ ಮಾಡಿದಾಗ ಎಲ್ಲ ದೀಪಗಳೂ ಒಮ್ಮೆ ಹತ್ತಿ ಆರುವುದು ಗೊತ್ತಿತ್ತು. ಇದು ಮಾತ್ರ ಆರಲಿಲ್ಲ. ಗಾಡಿ ಓಡುವುದರಲ್ಲಿ ಯಾವ ವ್ಯತ್ಯಾಸವೂ ಇರಲಿಲ್ಲ. ಆದರೂ ಕಣ್ಣೆದುರೇ ಉರಿಯುವ ದೀಪವನ್ನು ನೋಡಿಕೊಂಡು ಎಷ್ಟು ದಿನ ಓಡಿಸುವುದು?

ಶಿವಮೊಗ್ಗದ ರಸ್ತೆ ಬದಿಯ ಒಂದು ಅಂಗಡಿಗೆ ಹೋದೆ. ಹುಡುಗ ಬಾನೆಟ್ ಎತ್ತಲಿಲ್ಲ. ಇಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ತಿರುಗಿಸಿ, ಟ್ರಿಪ್ ಮೀಟರಿನ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿದ. ಪಾನಾ ಮಾಯ. “ಆಯ್ತು ಸಾರ್.” ಸಾವಿರಾರು ರೂಪಾಯಿ ಬಿಲ್ಲಿಗೆ ಸಿದ್ಧನಾಗಿ ಹೋಗಿದ್ದವನಿಗೆ ನೂರು ರೂಪಾಯಿಯ ವೈದ್ಯ ದೇವರಂತೆ ಕಂಡ. ಆ ಹುಡುಗನನ್ನು ಈಗ ಬೈದು ಪ್ರಯೋಜನವಿಲ್ಲ. “ದೀಪ ಆರಿಸಿಕೊಡಪ್ಪ” ಎಂದೇ ನಾನು ಕೇಳಿದ್ದು, ಅವನು ಆರಿಸಿಕೊಟ್ಟ.

ಅದಾಗಿ ಒಂಬತ್ತು ಸಾವಿರ ಕಿಲೋಮೀಟರ್ ಓಡಿಸಿದ ಮೇಲೆ ಉಡುಪಿಗೆ ಹೊರಟೆವು. ಆಗುಂಬೆ ಘಾಟಿ ಇಳಿಯುವಾಗ, ಹದಿನಾಲ್ಕು ತಿರುವುಗಳಲ್ಲಿ ಎರಡನೆಯದರಲ್ಲೋ ಮೂರನೆಯದರಲ್ಲೋ, ಕೆಂಪು ದೀಪವೊಂದು ಮಿಣುಕ್ಕೆಂದಿತು. ಹಳೆಯ ಕಾಲದ ಎಣ್ಣೆ ಜಾರಿಯ ಚಿತ್ರ, ಮೂತಿಯಲ್ಲಿ ಒಂದು ಹನಿ. ತಿರುವು ಮುಗಿದದ್ದೇ ಆರಿತು. “ರೀ, ಅದೇನೋ ಕೆಂಪಗೆ ಹತ್ತಿತಲ್ಲ?” ಎಂದಳು ಹೆಂಡತಿ. ಏನೂ ಇಲ್ಲ ಎಂದೆ. ಮುಂದಿನ ತಿರುವಿನಲ್ಲಿ ಮತ್ತೆ ಮಿಣುಕ್. ಐದನೆಯ ತಿರುವಿಗೆ ಹತ್ತಿದ್ದು ಆರಲೇ ಇಲ್ಲ.

ಸ್ವಲ್ಪ ಜಾಗ ಕಂಡಲ್ಲಿ ಬದಿಗೆ ಹಾಕಿದೆ. ಹಿಂದೆ ಬರುತ್ತಿದ್ದ ಟೆಂಪೋ ಟ್ರಾವೆಲರ್ ಚಾಲಕರು ತಾವೂ ನಿಲ್ಲಿಸಿ ಇಳಿದರು. ನನ್ನ ಇಂಜಿನ್ ಇನ್ನೂ ಓಡುತ್ತಿತ್ತು. ಅವರು ಕಿಟಕಿಯೊಳಗೆ ಕೈ ಹಾಕಿ ತಾವೇ ಕೀ ತಿರುಗಿಸಿ ಆರಿಸಿದರು. “ಕೆಂಪು ದೀಪ ಕಂಡ್ರೆ ಗಾಡಿ ನಿಲ್ಸಿ, ಮೊದ್ಲು ಇಂಜಿನ್ ಆಫ್ ಮಾಡ್ಬೇಕು ಸಾರ್. ಯೋಚ್ನೆ ಎಲ್ಲ ಆಮೇಲೆ.” ಓಡುತ್ತಿರುವಾಗಲೇ ಆರಿಸಿದರೆ ಬ್ರೇಕು, ಸ್ಟೇರಿಂಗು ಎರಡೂ ಬಿಗಿಯಾಗುತ್ತವೆ, ಘಾಟಿಯಲ್ಲಿ ಆ ಕೆಲಸ ಮಾಡಬೇಡಿ ಎಂದೂ ಸೇರಿಸಿದರು.

ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು ಬಾನೆಟ್ ಎತ್ತಿದರು. ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ಎಳೆದರು. ಆ ಕಡ್ಡಿಯ ಮೇಲೆ ಎರಡು ಗುರುತುಗಳಿರುತ್ತವೆ, ಆಯಿಲ್ ಅವುಗಳ ನಡುವೆ ಇರಬೇಕು. ನನ್ನದರಲ್ಲಿ ತುದಿಗೆ ಮಾತ್ರ ಕರಿ ಹತ್ತಿತ್ತು. “ಇಳಿಜಾರಲ್ಲಿ ಇದು ಪೂರ್ತಿ ನಿಜ ಹೇಳಲ್ಲ, ಸಮತಟ್ಟು ಜಾಗ ಬೇಕು. ಆದ್ರೂ ಇಷ್ಟೊಂದು ಸುಳ್ಳೂ ಹೇಳಲ್ಲ” ಎಂದರು. ತಿರುವಿನಲ್ಲೇ ಏಕೆ ದೀಪ ಹತ್ತುತ್ತಿತ್ತು ಎಂಬುದೂ ಆಗ ತಿಳಿಯಿತು. ತಳದಲ್ಲಿ ಉಳಿದಿದ್ದ ಅಷ್ಟಿಷ್ಟು ಆಯಿಲ್ ಗಾಡಿ ವಾಲಿದ ಕಡೆಗೆ ಸರಿದು, ಪಂಪು ಬರೀ ಗಾಳಿ ಎಳೆಯುತ್ತಿತ್ತು. ಆ ಕೆಂಪು ದೀಪ ಆಯಿಲ್ ಎಷ್ಟಿದೆ ಎಂದು ಹೇಳುವುದಲ್ಲ, ಇಂಜಿನ್ನಿನೊಳಗೆ ಒತ್ತಡದಿಂದ ಹರಿಯುತ್ತಿಲ್ಲ ಎಂದು ಕೂಗುವುದು. ಅದು ಹತ್ತುವ ಹೊತ್ತಿಗೆ ಲೋಹಕ್ಕೆ ಲೋಹ ಉಜ್ಜಲು ಶುರುವಾಗಿರಬಹುದು.

ಅವರ ಡಿಕ್ಕಿಯಲ್ಲಿದ್ದ ಒಂದು ಲೀಟರ್ ಡಬ್ಬಿ ನನ್ನ ಇಂಜಿನ್ ಸೇರಿತು. ಸ್ಟಾರ್ಟ್ ಮಾಡಿದಾಗ ಕೆಂಪು ದೀಪ ಆರಿತು. ಸೋಮೇಶ್ವರ ದಾಟಿ ಹೆಬ್ರಿ ತಲುಪುವವರೆಗೆ ಕಾರಿನಲ್ಲಿ ಯಾರೂ ಮಾತಾಡಲಿಲ್ಲ.

ಹೆಬ್ರಿಯ ಗ್ಯಾರೇಜಿನಲ್ಲಿ ತಳದ ಬೋಲ್ಟ್ ಬಿಚ್ಚಿದಾಗ ಬಂದದ್ದನ್ನು ನೋಡಿ ಮೆಕ್ಯಾನಿಕ್ ನಕ್ಕರು. “ಎಂತ ಮಾರಾಯ್ರೆ, ಇದು ಆಯಿಲಾ, ಡಾಂಬರಾ?” ಆಮೇಲೆ ಚಾಲಕನ ಬಾಗಿಲು ತೆರೆದು, ಚೌಕಟ್ಟಿಗೆ ಅಂಟಿಸಿದ್ದ ಚೀಟಿಯ ಮೇಲೆ ಬೆರಳಿಟ್ಟರು. ಹಳೆಯ ಮಾಲೀಕರ ಕಾಲದ ಚೀಟಿ, ನೀಲಿ ಪೆನ್ನಿನಲ್ಲಿ ಬರೆದದ್ದು: ಆಯಿಲ್ ಬದಲಿಸಿದ್ದು 42,000, ಮುಂದಿನದು 52,000. ನನ್ನ ಮೀಟರು 61,000 ತೋರಿಸುತ್ತಿತ್ತು. ದಿನಾ ಆ ಬಾಗಿಲು ತೆರೆದೇ ನಾನು ಕೂರುತ್ತಿದ್ದೆ!

ಪಾನಾ ಹತ್ತಿದ್ದು ಸರಿಯಾಗಿ 52,000ಕ್ಕೆ. ಅದು ಆಯಿಲನ್ನು ಮುಟ್ಟಿ ನೋಡಿ ಹತ್ತಿದ್ದಲ್ಲ. ನನ್ನಂಥ ಗಾಡಿಗಳಲ್ಲಿ ಅದು ಬರೀ ಲೆಕ್ಕದ ಗುಮಾಸ್ತ: ಹತ್ತು ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದಕ್ಕೆ ಬಂದು ಬಾಗಿಲು ತಟ್ಟುತ್ತದೆ. ಗುಂಡಿ ಒತ್ತಿದರೆ ಸೊನ್ನೆಯಿಂದ ಮತ್ತೆ ಎಣಿಸತೊಡಗುತ್ತದೆ. ಹೊಸ ಆಯಿಲ್ ಹಾಕಿದ್ದಾರೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ. ನಡುವೆ ಇಂಜಿನ್ ಚೂರುಚೂರೇ ಆಯಿಲ್ ಸುಟ್ಟುಕೊಂಡದ್ದೂ ಗೊತ್ತಾಗುವುದಿಲ್ಲ. ಇಂಜಿನ್ನಿನ ಶಾಖ, ಓಡಿದ ರೀತಿ ಎಲ್ಲ ಲೆಕ್ಕ ಹಾಕಿ ಆಯಿಲಿನ ಆಯುಸ್ಸನ್ನು ಶೇಕಡಾವಾರು ತೋರಿಸುವ ಹೋಂಡಾದಂಥ ಏರ್ಪಾಡುಗಳೂ ಇವೆ. ಆದರೆ ಗುಂಡಿ ಒತ್ತಿದರೆ ಅವೂ ನೂರಕ್ಕೇ ಮರಳುತ್ತವೆ.

ಗ್ಲೋವ್ ಬಾಕ್ಸಿನಲ್ಲಿ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಮಲಗಿದ್ದ ಕೈಪಿಡಿಯನ್ನು ಉಡುಪಿಯ ಲಾಡ್ಜಿನಲ್ಲಿ ಕೂತು ಓದಿದೆ. ಪಾನಾ ಬಂದರೆ ಈ ವಾರವೇ ಗ್ಯಾರೇಜಿಗೆ ಹೋಗಿ. ಹಳದಿ ಇಂಜಿನ್ ಚಿತ್ರ ಬಂದರೆ ಬೇಗ ತೋರಿಸಿ, ಅದು ಮಿಟುಕುತ್ತಿದ್ದರೆ ವೇಗ ತಗ್ಗಿಸಿ. ಕೆಂಪು ಬಂದರೆ ನಿಲ್ಲಿಸಿ. ಸ್ಕೂಲು, ತರಕಾರಿ ಅಂಗಡಿ ಎಂದು ಎರಡು ಮೂರು ಕಿಲೋಮೀಟರ್ ಓಡಿಸಿ ಆರಿಸುವ ನನ್ನಂಥವರು ಪಾನಾಗೂ ಕಾಯಬಾರದು ಎಂಬ ಸಾಲೂ ಇತ್ತು. ಇಂಜಿನ್ ಪೂರ್ತಿ ಬಿಸಿಯಾಗದಿದ್ದರೆ ಒಳಗೆ ಸೇರಿದ ನೀರಿನ ಪಸೆ, ಪೆಟ್ರೋಲಿನ ಅಂಶ ಆವಿಯಾಗದೆ ಆಯಿಲಿನಲ್ಲೇ ಉಳಿಯುತ್ತವಂತೆ.

ಈಗ ತಿಂಗಳಿಗೊಮ್ಮೆ ಕಡ್ಡಿ ಎಳೆದು ನೋಡುತ್ತೇನೆ. ಹಳೆಯ ಬನಿಯನ್ನಿನ ಚೂರೊಂದು ಅದಕ್ಕೆಂದೇ ಡಿಕ್ಕಿಯಲ್ಲಿದೆ. ಮೊನ್ನೆ ಪಾನಾ ಮತ್ತೆ ಹತ್ತಿತು. ಸಂಜೆ ಗ್ಯಾರೇಜಿನಿಂದ ಬಂದು, ದೀಪ ಆರಿದೆ ನೋಡು ಎಂದೆ. ಹೆಂಡತಿ ತಲೆ ಎತ್ತಲಿಲ್ಲ. “ಆಯಿಲ್ ಹಾಕಿಸಿದ್ರೋ, ಬರೀ ಗುಂಡಿ ಒತ್ತಿಸಿದ್ರೋ?” ಬಿಲ್ಲು ತೆಗೆದು ತೋರಿಸಿದೆ.