ಮೊದಲ ಆಲ್ಬಮ್ ಮಾಡೋ ತಮ್ಮಂದಿರಿಗೆ

ತುರ್ವಿಹಾಳದ ತಮ್ಮಂದಿರಾ, ಗಿಟಾರು, ಡ್ರಮ್ಸ್ ಹೊಂದಿಸಿಕೊಂಡು ಬ್ಯಾಂಡ್ ಕಟ್ಟಿದ್ದೀರಿ. ಈಗ ಬೆಂಗಳೂರಿನ ಸ್ಟುಡಿಯೋಕ್ಕೆ ಹೋಗುವ ಹುರುಪಿನಲ್ಲಿದ್ದೀರಿ. ಹುರುಪು ಇರಲಿ, ಅವಸರ ಬೇಡ.

ಗಾಯಕ ರಘು ದೀಕ್ಷಿತ್ ಅವರ ಮೊದಲ ಆಲ್ಬಮ್ ಬಂದದ್ದು 2008ರಲ್ಲಿ. ಅದಕ್ಕೂ ಮುಂಚೆ ಅಂತರಾಗ್ನಿ ತಂಡದೊಂದಿಗೆ ಅವರು ವರ್ಷಗಟ್ಟಲೆ ವೇದಿಕೆ ಮೇಲೆ ಹಾಡಿದ್ದರು. ಸಂತ ಕವಿ ಶಿಶುನಾಳ ಶರೀಫರ ತತ್ವಪದ ಆ ಆಲ್ಬಮ್‌ನಲ್ಲಿ ಗಿಟಾರಿನ ಜೊತೆ ಕೂಡಿತು. ಊರಿನ ಪದ ಹಾಡಿದರೆ ಹೊರಗಿನವರು ಕೇಳುವುದಿಲ್ಲ ಎಂಬ ಅಂಜಿಕೆ ನಿಮಗಿದ್ದರೆ ಇವತ್ತೇ ಬಿಡಿ.

ನಿಮ್ಮ ಸುತ್ತ ಏನು ಕಡಿಮೆ ಇದೆ? ತತ್ವಪದಕಾರ ಚಿದಾನಂದಾವಧೂತರ ಅಂಬಾಮಠ ನಮ್ಮ ಸಿಂಧನೂರು ತಾಲ್ಲೂಕಿನಲ್ಲೇ ಇದೆ. ಪಕ್ಕದ ಮುದಗಲ್ಲಿನ ಮೊಹರಂ ನಾಡಿಗೆಲ್ಲ ಗೊತ್ತು. ಆ ಹಬ್ಬದ ಅಲಾಯಿ ಕುಣಿತದ ಹಲಗಿ ಪೆಟ್ಟು ಕೇಳುತ್ತಲೇ ನೀವು ಬೆಳೆದವರು. ಭಜನೆಯ ಹಿರಿಯರ ಬಳಿ ಕುಳಿತು ಪದ ಕಲಿಯಿರಿ, ಅದರ ಅರ್ಥ ಕೇಳಿ. ಆಮೇಲೆ ಗಿಟಾರು ಹಿಡಿಯಿರಿ. ನಿಮ್ಮ ಹೊಲ, ಕಾಲುವೆ, ದುಡಿಯಲು ಊರು ಬಿಟ್ಟು ಹೋದವರ ಮೇಲೂ ಹೊಸ ಹಾಡು ಕಟ್ಟಿ.

ಸ್ಟುಡಿಯೋದಲ್ಲಿ ಹಣ ಹೋಗುವುದು ಗಂಟೆಯ ಲೆಕ್ಕದಲ್ಲಿ. ಆದ್ದರಿಂದ ತಾಲೀಮು ಊರಲ್ಲೇ ಮುಗಿಸಿ. ತಾಳ ಎಣಿಸುವ ಮೆಟ್ರೊನೋಮ್ ಹಚ್ಚಿಕೊಂಡು ಲಯ ಗಟ್ಟಿ ಮಾಡಿಕೊಳ್ಳಿ. ಸಾಮಾನ್ಯವಾಗಿ ಸ್ಟುಡಿಯೋದಲ್ಲಿ ಡ್ರಮ್ಸ್, ಬೇಸ್ ಮೊದಲು, ಹಾಡುವ ದನಿ ಕೊನೆಗೆ ರೆಕಾರ್ಡ್ ಆಗುತ್ತದೆ. ಲಯ ಜಾರಿದರೆ ಮೇಲಿನದೆಲ್ಲ ಜಾರುತ್ತದೆ. ಮೊದಲು ಜಾತ್ರೆಯಲ್ಲಿ, ಗೆಳೆಯರ ಮದುವೆಯಲ್ಲಿ ಹಾಡಿ ನೋಡಿ. ಜನ ಮತ್ತೊಮ್ಮೆ ಕೇಳಿದ ಹಾಡನ್ನೇ ಆಲ್ಬಮ್‌ಗೆ ಇಟ್ಟುಕೊಳ್ಳಿ. ಹತ್ತು ಸಾಧಾರಣ ಹಾಡಿಗಿಂತ ಐದು ಗಟ್ಟಿ ಹಾಡು ಮೇಲು.

ಹಕ್ಕಿನ ಮಾತನ್ನೂ ಮರೆಯಬೇಡಿ. ನಮ್ಮ ದೇಶದಲ್ಲಿ ಹಾಡು ಬರೆದವರು, ರಾಗ ಕಟ್ಟಿದವರು ತೀರಿಕೊಂಡು 60 ವರ್ಷ ಕಳೆಯುವವರೆಗೆ ಅದರ ಹಕ್ಕು ಉಳಿಯುತ್ತದೆ. ಶರೀಫರು 1889ರಲ್ಲಿ ತೀರಿಕೊಂಡರು, ಅವರ ಪದ ಎಲ್ಲರದು. ಆದರೆ ಆ ಪದಗಳಿಗೆ ಸಂಗೀತಗಾರ ಸಿ. ಅಶ್ವಥ್ ಕೂಡಿಸಿದ ರಾಗ ಹಾಗಲ್ಲ. ಅವರು ನಮ್ಮನ್ನು ಅಗಲಿದ್ದು 2009ರಲ್ಲಿ. ಬೇರೆಯವರ ರಾಗ ಬೇಕಾದರೆ ಅನುಮತಿ ಪಡೆಯಿರಿ, ಇಲ್ಲವೇ ನಿಮ್ಮದೇ ರಾಗ ಕಟ್ಟಿ. ಯಾರು ಬರೆದರು, ಯಾರು ರಾಗ ಹಾಕಿದರು, ಬಂದ ಹಣದಲ್ಲಿ ಯಾರಿಗೆಷ್ಟು ಎಂಬುದನ್ನು ರೆಕಾರ್ಡಿಂಗಿಗೆ ಮುಂಚೆಯೇ ಕಾಗದದ ಮೇಲೆ ಬರೆದು ಎಲ್ಲರೂ ಸಹಿ ಹಾಕಿ. ಪದ ಕಲಿಸಿದ ಹಿರಿಯರ ಹೆಸರನ್ನೂ ಆಲ್ಬಮ್ ಮೇಲೆ ಹಾಕಿಸಿ. ಸ್ಟುಡಿಯೋಕ್ಕೆ ಹಣ ಕೊಟ್ಟ ಮೇಲೆ ರೆಕಾರ್ಡಿಂಗಿನ ಮೂಲ ಫೈಲುಗಳನ್ನು ಕೇಳಿ ಪಡೆದು, ಎರಡು ಕಡೆ ಜೋಪಾನ ಮಾಡಿ.

ಬೇರೆ ಯಾರದೋ ದನಿ ಎರವಲು ತರಬೇಡಿ, ತಮ್ಮಂದಿರಾ. ಮೊದಲ ಆಲ್ಬಮ್ ನಿಮ್ಮ ಮಾತಿನಲ್ಲಿ, ನಿಮ್ಮ ಊರಿನ ಲಯದಲ್ಲಿ ಬರಲಿ.